ನಲವತ್ತನಾಲ್ಕನೇ ಕಮಾನು

"ಎಲಿಯೊ, ನಿಲ್ಲೋ! ಇದು ನಮ್ಮ ಕ್ಲಾಸಲ್ಲ!"

ಬ್ರೂನಾ ಎಲಿಯೊನ ಬ್ಯಾಗ್ ಹಿಡಿದು ಎಳೆದಳು. ಮುಂದೆ ಹೋಗುತ್ತಿದ್ದ ಹಳದಿ ಟೋಪಿಯ ಹುಡುಗಿ ತಿರುಗಿ ನೋಡಿದಳು. ಗುರುತೇ ಇಲ್ಲದ ಮುಖ. ಅವಳ ಜೊತೆಗಿದ್ದವರೂ ಅಷ್ಟೆ. ಟೋಪಿ ಮಾತ್ರ ತಮ್ಮ ಶಾಲೆಯದರ ಹಾಗೇ ಹಳದಿ.

ಕೊಲೋಸಿಯಂ ಒಳಗೆ ಎಲಿಯೊ ಸಿಕ್ಕ ಸಿಕ್ಕ ಬೋರ್ಡನ್ನೆಲ್ಲ ನಿಂತು ಓದಿದ್ದ. ಅಸುಂತಾ ಟೀಚರ್ ಅವರಿಬ್ಬರನ್ನೂ ಜೋಡಿ ಮಾಡಿದ್ದರಿಂದ ಬ್ರೂನಾ ಕೂಡ ಅವನ ಪಕ್ಕದಲ್ಲೇ ನಿಲ್ಲಬೇಕಾಗಿತ್ತು. ತಲೆಯೆತ್ತಿ ನೋಡಿದರೆ ಹಳದಿ ಟೋಪಿಗಳು ಹೊರಗೆ ಹೋಗುತ್ತಿದ್ದವು. ಅವುಗಳ ಹಿಂದೆಯೇ ಓಡಿ ಇಬ್ಬರೂ ರಸ್ತೆಗೆ ಬಂದುಬಿಟ್ಟಿದ್ದರು. ಇನ್ನು ವಾಪಸ್ ಒಳಗೆ ಬಿಡುವುದಿಲ್ಲ.

"ಎಲ್ಲಾ ನಿನ್ನಿಂದಲೇ!" ಎಂದಳು ಬ್ರೂನಾ.

"ಗಾಬರಿ ಬೀಳ್ಬೇಡ. ತಪ್ಪಿಸಿಕೊಂಡ್ರೆ ಹೊರಗಡೆ ನಲವತ್ತನಾಲ್ಕನೇ ಕಮಾನಿನ ಕೆಳಗೆ ನಿಂತಿರಿ ಅಂತ ಟೀಚರ್ ಹೇಳಿಲ್ವಾ? ಕಮಾನಿನ ಮೇಲೇ ನಂಬರ್ ಕೆತ್ತಿದೆ. ನಾನು ಹುಡುಕ್ತೀನಿ. ನೀನು ಸುಮ್ಮನೆ ಬಾ, ಬೆಂಕಿಪೊಟ್ಟಣ."

ಆ ಅಡ್ಡಹೆಸರು ಕಳೆದ ವಾರದ ಟೆಸ್ಟಿನಿಂದ ಅಂಟಿಕೊಂಡಿತ್ತು. ರೋಮನ್ ಅಂಕಿಯಲ್ಲಿ ನಾಲ್ಕು ಬರೆಯಿರಿ ಎಂದರೆ ಬ್ರೂನಾ ನಾಲ್ಕು ಕಡ್ಡಿ ನಿಲ್ಲಿಸಿಬಿಡುತ್ತಿದ್ದಳು: IIII. ಟೀಚರ್ ಅದನ್ನು ಹೊಡೆದುಹಾಕಿ IV ಎಂದು ಬರೆಯುತ್ತಿದ್ದರು. ಐದರ ಗುರುತು V. ಅದರ ಎಡಕ್ಕೆ ಒಂದು ಕಡ್ಡಿ ಇಟ್ಟರೆ ಐದರಲ್ಲಿ ಒಂದು ಕಳೆದ ಹಾಗೆ. ಬ್ರೂನಾಗೆ ಇದೆಲ್ಲ ಗೊತ್ತಿತ್ತು. ಆದರೂ ಪೆನ್ಸಿಲ್ ಹಿಡಿದ ಕೂಡಲೇ ಕೈ ತನ್ನಷ್ಟಕ್ಕೆ ಕಡ್ಡಿ ಎಳೆಯುತ್ತಿತ್ತು. ಎಲಿಯೊನದು ಆ ಟೆಸ್ಟಿನಲ್ಲಿ ಒಂದೂ ತಪ್ಪಿರಲಿಲ್ಲ. ಯಾವ ಟೆಸ್ಟಿನಲ್ಲೂ ಇರುತ್ತಿರಲಿಲ್ಲ.

"L ಅಂದ್ರೆ ಐವತ್ತು. ಎಡಕ್ಕೆ X, ಅಂದ್ರೆ ಹತ್ತು ಕಳಿ. ನಲವತ್ತಾಯ್ತಾ? ಪಕ್ಕದಲ್ಲಿ IV. ನಾವು ನೋಡಬೇಕಾದ್ದು XLIV," ಎನ್ನುತ್ತಾ ಎಲಿಯೊ ಗೋಡೆಯ ಉದ್ದಕ್ಕೂ ನಡೆದ.

ನೀರಿನ ಬಾಟಲಿ ಮಾರುವವರು, ಸೆಲ್ಫಿ ತೆಗೆಯುವವರು, ಬಾವುಟ ಹಿಡಿದ ಗೈಡುಗಳು. ಅವರ ನಡುವೆ ನುಸುಳಿಕೊಂಡು ಇಬ್ಬರೂ ಕಮಾನುಗಳನ್ನು ನೋಡುತ್ತಾ ಹೋದರು. ಕಲ್ಲು ಸವೆದು ಕೆಲವು ಅಂಕಿ ಮಸುಕಾಗಿದ್ದವು. XLII ಸಿಕ್ಕಿತು. XLIII ಸಿಕ್ಕಿತು. ಆಮೇಲೆ XLV ಬಂದೇಬಿಟ್ಟಿತು.

ಎಲಿಯೊ ವಾಪಸ್ ಬಂದು ಮತ್ತೊಮ್ಮೆ ನೋಡಿದ. "ನಲವತ್ತಮೂರು ಎರಡು ಸಲ ಇದೆ. ನಲವತ್ತನಾಲ್ಕೇ ಇಲ್ಲ. ಬಿದ್ದುಹೋಗಿರಬೇಕು."

"ಅದೊಂದೇ ಹೇಗೋ ಬೀಳತ್ತೆ? ಆಕಡೆ ಈಕಡೆ ಎರಡೂ ನಿಂತಿವೆಯಲ್ಲ!"

ಬ್ರೂನಾ ಟೋಪಿ ಹಿಂದಕ್ಕೆ ಸರಿಸಿ ಕತ್ತೆತ್ತಿದಳು. ಬೆರಳು ಚಾಚಿ ಕಡ್ಡಿಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಎಲಿಯೊ, ಇದು ನಲವತ್ತಮೂರಲ್ಲ. ನಾಲ್ಕು ಕಡ್ಡಿ ಇದೆ ನೋಡು. XLIIII. ಇದೇ ನಲವತ್ತನಾಲ್ಕು."

"ನಾಲ್ಕು ಕಡ್ಡಿ ಹಾಕೋ ಹಾಗಿಲ್ಲ. ನಿನಗೆ ಎಷ್ಟು ಸಲ ಹೇಳಿದಾರೆ!"

"ನನಗೆ ಹೇಳಿದಾರೆ. ಇದನ್ನ ಕೆತ್ತಿದವರಿಗೆ ಯಾರು ಹೇಳಿರ್ತಾರೆ?"

"ತಲೆ ತಿನ್ಬೇಡ. ಬಂದಿಳಿದ ಮೆಟ್ರೋ ಸ್ಟೇಷನ್ ಹತ್ರ ಹೋಗಿ ನೋಡೋಣ ಬಾ."

"ನಾನು ಬರಲ್ಲ. ಬೇಕಾದ್ರೆ ನೀನು ಹೋಗು."

ಎಲಿಯೊ ಹೊರಟೇಬಿಟ್ಟ. ಬ್ರೂನಾ ಮತ್ತೊಮ್ಮೆ ಕಡ್ಡಿಗಳತ್ತ ನೋಡಿದಳು. ಒಂದು ವೇಳೆ ಕೆತ್ತಿದವನಿಗೂ ತನ್ನ ಹಾಗೇ ಕೈ ತಪ್ಪಿದ್ದರೆ? ಆದರೂ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸ್ವಲ್ಪ ದೂರ ಹೋದ ಎಲಿಯೊ ಜನರ ಮಧ್ಯೆ ನಿಂತ. ಅತ್ತ ನೋಡಿದ, ಇತ್ತ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ವಾಪಸ್ ಬಂದು ಅವಳ ಕಾಲ ಬಳಿ ಕುಕ್ಕರಿಸಿದ.

ಎಷ್ಟು ಹೊತ್ತಾದರೂ ಯಾರೂ ಬರಲಿಲ್ಲ. ಎಲಿಯೊ ಮೂಗು ಎಳೆಯುವ ಸದ್ದು ಕೇಳಿಸಿತು. ಬಗ್ಗಿ ನೋಡಿದರೆ ಅಳುತ್ತಿದ್ದ.

"ನಮ್ಮನ್ನ ಬಿಟ್ಟು ಹೋಗಿದ್ರೆ? ಎಲ್ಲಾ ನನ್ನದೇ ತಪ್ಪು. ಟೀಚರ್ ಇನ್ನು ನನ್ನನ್ನ ನಂಬೋದೇ ಇಲ್ಲ."

ಬ್ರೂನಾ ಅವನ ಪಕ್ಕ ಕೂತಳು. ಬ್ಯಾಗಿನಲ್ಲಿದ್ದ ಪಿಜ್ಜಾ ತೆಗೆದು ಅರ್ಧ ಕೊಟ್ಟಳು. ಅವನು ತಿನ್ನದೆ ಕೈಯಲ್ಲೇ ಹಿಡಿದುಕೊಂಡ.

"ಬ್ರೂನಾ! ಎಲಿಯೊ!"

ಅಸುಂತಾ ಟೀಚರ್ ಏದುಸಿರು ಬಿಡುತ್ತಾ ಓಡಿ ಬಂದರು. ಅವರ ಹಿಂದೆ ಇಡೀ ಕ್ಲಾಸು. ಟೀಚರ್ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು, ಅದೇ ಉಸಿರಿನಲ್ಲಿ ಬೈಯಲು ಶುರು ಮಾಡಿದರು. "ಜೀವ ಬಾಯಿಗೆ ಬಂದಿತ್ತು ನನಗೆ! ಸದ್ಯ, ಹೇಳಿದ ಜಾಗದಲ್ಲೇ ನಿಂತಿದ್ರಲ್ಲ."

"ಟೀಚರ್, ಇಲ್ಲಿ ತಪ್ಪು ಬರ್ದಿದಾರೆ," ಎಂದ ಎಲಿಯೊ.

ಟೀಚರ್ ಮೇಲೆ ನೋಡಿದರು. "ತಪ್ಪಲ್ಲ ಕಣೋ. ಆಗಿನವರು ಹಾಗೂ ಬರೀತಿದ್ರು, ಹೀಗೂ ಬರೀತಿದ್ರು. ಮೊದಲೇ ನಿಮಗೆ ಹೇಳ್ಬೇಕಿತ್ತು, ಮರೆತೇಬಿಟ್ಟೆ."

ಬ್ರೂನಾ ಮುಖ ಅರಳಿತು. "ಹಾಗಾದ್ರೆ ಟೀಚರ್, ನನ್ನ ಟೆಸ್ಟು..."

"ಟೆಸ್ಟಲ್ಲಿ IV ಬರೀಬೇಕು!"

ಎಲ್ಲರೂ ನಕ್ಕರು. ಬ್ರೂನಾಗೂ ನಗು ಬಂತು.

ವಾಪಸ್ ಹೋಗುವಾಗ ಮೆಟ್ರೋದಲ್ಲಿ ಅವರ ಕ್ಲಾಸಿನ ಫ್ಲಾಮಿನಿಯಾ ಬಂದು ಬ್ರೂನಾ ಪಕ್ಕ ತೂರಿಕೊಂಡಳು. "ಎಲಿಯೊ ಕಣ್ಣು ಕೆಂಪಗಿದೆ. ಅತ್ನಾ? ಹೇಳೇ, ಹೇಳೇ!"

ಹೇಳಬೇಕೆಂದು ಬ್ರೂನಾ ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಎದುರು ಸೀಟಿನಲ್ಲಿ ಎಲಿಯೊ ಕಿಟಕಿಯಾಚೆಯ ಸುರಂಗದ ಕತ್ತಲನ್ನೇ ನೋಡುತ್ತಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ. ಟೀಚರ್ ಪೇಪರ್ ಹಂಚುವ ದಿನ ತಾನೂ ಹೀಗೇ ಡೆಸ್ಕನ್ನೇ ನೋಡುತ್ತಾ ಕೂರುವುದು ಅವಳಿಗೆ ನೆನಪಾಯಿತು. ಅವಳಿಗೆ ಅದು ರೂಢಿಯಾಗಿತ್ತು. ಎಲಿಯೊಗೆ ಇವತ್ತೇ ಮೊದಲು.

"ಧೂಳು ಬಿದ್ದಿರಬೇಕು," ಎಂದಳು ಬ್ರೂನಾ. "ಅಲ್ಲಿ ಒಬ್ಬಳು ಅಜ್ಜಿ ಕಾಲು ಜಾರಿದ್ರೂ ಸೆಲ್ಫಿ ಬಿಡ್ಲಿಲ್ಲ ಗೊತ್ತಾ?"

ಫ್ಲಾಮಿನಿಯಾ ಕಿಸಕ್ಕೆಂದು ನಕ್ಕು ಎದ್ದುಹೋದಳು.

ಎರಡು ಸ್ಟೇಷನ್ ಕಳೆದ ಮೇಲೆ ಎಲಿಯೊ ಮುಂದಕ್ಕೆ ಬಾಗಿದ.

"ಬ್ರೂನಾ, ನಲವತ್ತೊಂಬತ್ತನ್ನ ಅಲ್ಲಿ ಹೇಗೆ ಕೆತ್ತಿರ್ತಾರೆ?"

ಎಲಿಯೊ ಅವಳನ್ನು ಯಾವತ್ತೂ ಏನನ್ನೂ ಕೇಳಿದವನಲ್ಲ. ಬ್ರೂನಾ ಮೊಣಕಾಲ ಮೇಲೆ ಬೆರಳಿನಿಂದ ಗೀಚಿ ನೋಡಿದಳು. ಅಳಿಸಿ, ಇನ್ನೊಂದು ತರಹ ಗೀಚಿದಳು.

"ಗೊತ್ತಿಲ್ಲ ಕಣೋ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿದಳು. "ಇಲ್ಲಿ ಬಾ. ನೀನೂ ಬರ್ದು ನೋಡು."