ತಣ್ಣಗಿದ್ದ ಪ್ಯಾನೆಲ್

ಇಸ್ತ್ರಿ ಮೇಜಿನ ಮೇಲೆ ಮೂರು ಕೇಬಲ್ ತುಂಡುಗಳನ್ನಿಟ್ಟು ವೈರಿಂಗ್ ಕಂಟ್ರಾಕ್ಟರ್, ಆರಿಸಿ ಮೇಡಂ, ಎಂದ. ಲಾಂಡ್ರಿಯ ಒಡತಿ ನೋಡಿದಳು. ಮೂರೂ ಒಂದೇ ಎನಿಸಿತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಎಲ್ಲವೂ ಹಾಗೇ. ಊಟಕ್ಕೆ ಉಪ್ಪಿಲ್ಲದಿದ್ದರೂ ಗೊತ್ತಾಗುತ್ತಿರಲಿಲ್ಲ, ಬೆರಳಿಗೆ ಇಸ್ತ್ರಿಪೆಟ್ಟಿಗೆ ತಾಗಿದರೂ ಕೈ ತೆಗೆಯಲು ತಡವಾಗುತ್ತಿತ್ತು. ಅತ್ತಿದ್ದೂ ಇಲ್ಲ. ಕಲ್ಲುಮನಸ್ಸಿನವಳು ಎಂದು ಬಂಧುಗಳು ಆಡಿಕೊಂಡಾಗ, ಇರಬಹುದು ಎಂದುಕೊಂಡು ಟವೆಲ್ ಮಡಚಿದ್ದಳು.

ಹೊಸ ಡ್ರೈಯರ್‌ಗಳು ಬಂದ ಮೇಲೆ ಹಳೇ ವೈರಿಂಗ್ ಸುಟ್ಟ ವಾಸನೆ ಹೊಡೆಯತೊಡಗಿತ್ತು. ಅದಕ್ಕೇ ಈ ಕಂಟ್ರಾಕ್ಟರ್‌ನನ್ನು ಕರೆಸಿದ್ದು. ಅವನ ಜೇಬಿನಲ್ಲಿ ಸದಾ ಟೆಸ್ಟರ್ ಇಣುಕುತ್ತಿತ್ತು. ಅವಳ ಜೊತೆಗೇ ಲಾಂಡ್ರಿ ನೋಡಿಕೊಳ್ಳುತ್ತಿದ್ದ ಅತ್ತಿಗೆ, ಅವನು ಬಂದ ದಿನವೇ ಅವನಿಗೆ ಟೆಸ್ಟರ್ ಎಂದು ನಾಮಕರಣ ಮಾಡಿ ಮುಗಿಸಿದ್ದಳು.

ಅವನು ಸಾವಧಾನವಾಗಿ ವಿವರಿಸಿದ. ತಾಮ್ರ ಒಳ್ಳೆಯದೇ, ಆದರೆ ಭಾರ, ದುಬಾರಿ. ಬರೀ ಅಲ್ಯೂಮಿನಿಯಂ ಹಗುರ, ಆದರೆ ಸ್ಕ್ರೂ ಅದುಮಿದಲ್ಲಿ ವರ್ಷ ಕಳೆದಂತೆ ಮೆಲ್ಲಗೆ ಚಪ್ಪಟೆಯಾಗಿ ಜಾರುತ್ತದೆ, ಜಾಯಿಂಟ್ ಸಡಿಲವಾಗಿ ಕಾಯುತ್ತದೆ. ಮೂರನೆಯದು ಅಲ್ಯೂಮಿನಿಯಂ ಮಿಶ್ರಲೋಹ. ಒಂಚೂರು ಕಬ್ಬಿಣ, ಮತ್ತೇನೇನೋ ಬೆರೆಸಿರುವುದರಿಂದ ಅಷ್ಟಾಗಿ ಜಾರುವುದಿಲ್ಲ. ಆದರೆ ತಾಮ್ರಕ್ಕಿಂತ ದಪ್ಪದ್ದು ಹಾಕಬೇಕು, ತುದಿಗೆ ಅದಕ್ಕೆಂದೇ ಮಾಡಿದ ಲಗ್ ಎಂಬ ಲೋಹದ ಕೊಳವೆ ಕೂಡಿಸಬೇಕು.

ಆಮೇಲೆ ಆ ಮೂರನೆಯ ತುಂಡಿನ ತುದಿಯನ್ನು ಬ್ರಷ್‌ನಿಂದ ಉಜ್ಜಿದ. ಫಳಫಳ ಹೊಳೆಯಿತು. ಗಾಳಿ ಸೋಕಿದರೆ ಸಾಕು, ಮತ್ತೆ ಕಣ್ಣಿಗೆ ಕಾಣದ ಪೊರೆ ಕಟ್ಟುತ್ತದೆ, ಕರೆಂಟನ್ನು ಸಲೀಸಾಗಿ ಒಳಗೆ ಬಿಡುವುದಿಲ್ಲ ಎಂದ.

"ನನ್ನ ಬಗ್ಗೆ ಹೇಳ್ತಿದ್ದೀರಾ?" ಎಂದು ಅವಳು ಕೇಳಿದಳು.

ಅವನು ಕಕ್ಕಾಬಿಕ್ಕಿಯಾದ. "ಅಯ್ಯೋ ಇಲ್ಲ ಮೇಡಂ. ಕೇಬಲ್ ಬಗ್ಗೆ."

ಅತ್ತಿಗೆ ಮಡಚುತ್ತಿದ್ದ ಬೆಡ್‌ಶೀಟಿನಲ್ಲಿ ಮುಖ ಹುದುಗಿಸಿ ನಕ್ಕಳು.

ಒಡತಿ ಮಿಶ್ರಲೋಹವನ್ನೇ ಆರಿಸಿದಳು. ಹಳೇ ಗೋಡೆಗೆ ಭಾರ ಹೊರಿಸುವಂತಿರಲಿಲ್ಲ. ದಪ್ಪ ಕೇಬಲ್ಲಿಗೆ ಗೋಡೆಯುದ್ದಕ್ಕೂ ಜಾಗವಿತ್ತು. ಮನಸ್ಸು ಮರಗಟ್ಟಿದ್ದರೂ ತಲೆ ನೆಟ್ಟಗಿತ್ತು.

ಕೆಲಸ ಶುರುವಾಯಿತು. ಅವನು ಏಣಿಯ ಮೇಲಿಂದ ಕಣ್ಣಂಚಿನಲ್ಲಿ ಅವಳನ್ನು ನೋಡುವನು. ಅವಳು ತಲೆಯೆತ್ತಿದರೆ ಥಟ್ಟನೆ ಚಾವಣಿ ನೋಡುವನು. ಚಾವಣಿಯಲ್ಲಿ ಅಂಥದ್ದೇನಿದೆಯೋ ನಾನೂ ಒಮ್ಮೆ ಹತ್ತಿ ನೋಡಬೇಕು ಎಂದು ಅತ್ತಿಗೆ ಚುಡಾಯಿಸಿದಳು. ಒಂದು ಬೆಳಿಗ್ಗೆ ಇಸ್ತ್ರಿಪೆಟ್ಟಿಗೆಯ ಸ್ಟ್ಯಾಂಡ್ ಮೇಜಿನ ಆಚೆ ತುದಿಗೆ ಹೋಗಿತ್ತು, ಅವಳ ಕೈ ಮತ್ತೆ ಸುಡದಷ್ಟು ದೂರ. ಅವನೇ ಸರಿಸಿದ್ದ, ಬಾಯಿಬಿಟ್ಟು ಹೇಳಿರಲಿಲ್ಲ. ಅವಳಿಗೆ ಅರ್ಥವಾಯಿತು. ಆದರೆ ಎದೆಯಲ್ಲಿ ಏನೂ ಅಲುಗಲಿಲ್ಲ.

ಕೆಲಸ ಮುಗಿದ ದಿನ ಅವನು ಬಟ್ಟೆಚೂರಿನಲ್ಲಿ ಕೈ ಒರೆಸುತ್ತಲೇ ನಿಂತ. ಕೈ ಚೊಕ್ಕಟವಾಗಿ ಬಹಳ ಹೊತ್ತಾಗಿತ್ತು.

"ಸುತ್ತುಬಳಸಿ ಮಾತಾಡೋಕೆ ನನಗೆ ಬರಲ್ಲ. ನನ್ನ ಮದುವೆ ಆಗ್ತೀರಾ?"

ಹೂಂ ಎನ್ನುವುದು ಸುಲಭವಿತ್ತು. ಅತ್ತಿಗೆಗೂ ಅದೇ ಬೇಕಿತ್ತು. ಇಲ್ಲವೆಂದರೆ ಇವನು ಮತ್ತೆ ಬರುವುದಿಲ್ಲವೆಂದೂ ಅವಳಿಗೆ ಗೊತ್ತಿತ್ತು.

"ನೀವು ಒಳ್ಳೆಯವರು," ಎಂದಳು. "ಆದ್ರೆ ನನಗೆ ಏನೂ ಅನ್ನಿಸ್ತಿಲ್ಲ. ಅನ್ನಿಸದೇನೇ ಹೂಂ ಅಂದ್ರೆ ನಿಮಗೆ ಮೋಸ ಮಾಡಿದ ಹಾಗೆ."

ಅವನು ತಲೆಯಾಡಿಸಿದ. ಮುನಿಸಿಕೊಳ್ಳಲಿಲ್ಲ. ಮೆಷಿನ್‌ಗಳು ಪೂರ್ತಿ ಲೋಡ್ ಎಳೆದ ಮೇಲೆ ಜಾಯಿಂಟ್‌ಗಳನ್ನು ಒಮ್ಮೆ ಪರೀಕ್ಷಿಸಬೇಕು, ತನ್ನ ಪಾರ್ಟ್‌ನರ್ ಬರುತ್ತಾರೆ ಎಂದ. ಕೇಬಲ್‌ಗಳೆಲ್ಲ ಕೂಡುವ ಗೋಡೆಯ ಪೆಟ್ಟಿಗೆ, ಅಂದರೆ ಪ್ಯಾನೆಲ್ ತೆರೆಯಬಾರದು, ಮುಚ್ಚಳದ ಮೇಲೆ ಕೈಯ ಹಿಂಬದಿ ಇಟ್ಟು ನೋಡಿದರೆ ಸಾಕು, ಬಿಸಿಯೆನಿಸಿದರೆ ಫೋನ್ ಮಾಡಿ ಎಂದು ಹೇಳಿ ಹೋದ.

ಕೈಗೆ ಬಂದ ತುತ್ತನ್ನು ನೀನೇ ನೆಲಕ್ಕೆ ಹಾಕಿದೆ ಎಂದು ಅತ್ತಿಗೆ ಸಂಜೆಯವರೆಗೂ ಗೊಣಗಿದಳು.

ಪಾರ್ಟ್‌ನರ್ ಬಂದರು. ಒಂದೊಂದೇ ಜಾಯಿಂಟ್ ಪರೀಕ್ಷಿಸಿದರು. ಎಲ್ಲ ಗಟ್ಟಿಯಾಗಿದೆ, ಇನ್ನು ನಾವು ಬರುವ ಅಗತ್ಯವೇ ಬೀಳಲಿಕ್ಕಿಲ್ಲ ಎಂದು ಮೆಚ್ಚಿಕೊಂಡು, ಟೀ ಕುಡಿದು ಹೊರಟರು.

ಅವರು ಗೇಟು ದಾಟಿದ್ದೇ ತಡ, ಅವಳು ಹೋಗಿ ಪ್ಯಾನೆಲ್ ಮುಚ್ಚಳದ ಮೇಲೆ ಕೈಯ ಹಿಂಬದಿ ಇಟ್ಟಳು. ತಣ್ಣಗಿತ್ತು. ಇನ್ನೊಂದು ಕೈ ಇಟ್ಟಳು. ಆಗಲೂ ತಣ್ಣಗೇ. ಹಿಂದಿರುಗಿ ಬಂದು, ಸುಮ್ಮನಿದ್ದ ಕೊನೆಯ ಡ್ರೈಯರನ್ನೂ ಚಾಲೂ ಮಾಡಿದಳು.

"ಅದರೊಳಗೇನಿದೆ?" ಎಂದಳು ಅತ್ತಿಗೆ.

"ಏನೂ ಇಲ್ಲ."

ಖಾಲಿ ಡ್ರೈಯರ್ ಗಿರಗಿರ ತಿರುಗಿತು. ಅತ್ತಿಗೆ ಅವಳ ಮುಖವನ್ನೊಮ್ಮೆ ನೋಡಿ, ಟವೆಲ್ ಮಡಚತೊಡಗಿದಳು. ಒಡತಿ ಮತ್ತೆ ಪ್ಯಾನೆಲ್ ಮುಟ್ಟಿದಳು. ಒಂಚೂರೂ ಬಿಸಿಯಿಲ್ಲ, ಫೋನ್ ಮಾಡಲು ನೆಪವೂ ಇಲ್ಲ. ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿಟ್ಟು ಹೋಗಿದ್ದಾನಲ್ಲ ಎಂದು ಅವನ ಮೇಲೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ಕಣ್ಣು ಮಂಜಾಯಿತು. ಕೆನ್ನೆ ಒದ್ದೆಯಾದದ್ದನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಆಮೇಲೆ ಅವನಿಗೆ ಫೋನ್ ಮಾಡಿದಳು.

"ಪ್ಯಾನೆಲ್ ತಣ್ಣಗಿದೆ," ಎಂದಳು.

"ಒಳ್ಳೇದಾಯ್ತಲ್ಲ ಮೇಡಂ."

"ನನಗೆ ಬೇಜಾರಾಯ್ತು."

ಖಾಲಿ ಡ್ರೈಯರ್ ತಿರುಗುತ್ತಲೇ ಇತ್ತು.

ಅವನು ಮೆಲ್ಲಗೆ ಕೇಳಿದ. "ಬರ್ಲಾ?"

"ಬನ್ನಿ," ಎಂದಳು ಅವಳು. "ಟೂಲ್ ಬ್ಯಾಗ್ ತರಬೇಡಿ."