ಬಾಗಿಲ ಕೆಳಗಿನ ಬೆಳಕು

"ಮೊದಲ ದೃಶ್ಯದಲ್ಲೇ ಎಲ್ಲ ತೋರಿಸಿಬಿಟ್ರೆ ನೋಡೋರಿಗೆ ಏನಮ್ಮ ಉಳೀತು? ಬಂದವನ ಮುಖ ತೆಗೆದುಹಾಕು. ಬರೀ ಸದ್ದಿರಲಿ."

ಹಾಗೆಂದು ನಿರ್ದೇಶಕರು ಊಟಕ್ಕೆ ಎದ್ದುಹೋದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಉಳಿದವರು ಇಬ್ಬರೇ. ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಅವಳು, ಅವಕ್ಕೆ ಸದ್ದು ತುಂಬುವ ಅವನು.

ಒಂದು ಕಾಲಕ್ಕೆ ಇವರಿಬ್ಬರ ನಗು ತಾಳಲಾರದೆ ಪಕ್ಕದ ಕೋಣೆಯವರು ಗೋಡೆ ಗುದ್ದುತ್ತಿದ್ದರು. ಈಗ ಕೆಲಸದ ಮಾತು ಬಿಟ್ಟರೆ ತುಟಿ ಬಿಚ್ಚುವುದಿಲ್ಲ. ಅದೂ 'ನೀವು' ಎಂಬ ಮರ್ಯಾದೆಯಲ್ಲಿ.

ಹೋದ ವರ್ಷ ಒಂದು ಭಾನುವಾರ, ಸಂಜೆ ಮನೆಗೆ ಬರುತ್ತೇನೆ, ಒಂದು ಮಾತು ಕೇಳುವುದಿದೆ ಎಂದಿದ್ದ. ಆ ಮಾತು ಯಾವುದೆಂದು ತಿಳಿಯದಷ್ಟು ದಡ್ಡಿಯಲ್ಲ ಅವಳು. ಮನೆ ಒಪ್ಪ ಮಾಡಿ, ಮತ್ತೆ ಮತ್ತೆ ಬಟ್ಟೆ ಬದಲಿಸಿ ಕಾದಿದ್ದಳು. ಅವನು ಬರಲಿಲ್ಲ. ಮರುದಿನ ಎದುರಾದಾಗ ಅವನೇ ಮುಖ ತಿರುಗಿಸಿದ!

ಕೇಳಿಬಿಡೇ, ಬಾಯೇನು ಸವೆಯುತ್ತಾ ಎಂದು ಅಕ್ಕ ಫೋನಿನಲ್ಲಿ ರೇಗಿದ್ದಳು. ಇವಳು ಕೇಳಲಿಲ್ಲ. ಈಗಲೂ ಮನೆಯಲ್ಲಿ ತೊಳೆಯಲು ಒಂದೇ ತಟ್ಟೆ, ಒಂದೇ ಲೋಟ. ಮನುಷ್ಯರ ದನಿ ಕೇಳಿಸುತ್ತಿರಲಿ ಎಂದು ಟೀವಿ ಹಾಕಿಟ್ಟೇ ಮಲಗುತ್ತಾಳೆ.

ನಾಳೆ ಅವನು ಬೇರೆ ಊರಿನ ಸ್ಟುಡಿಯೋಗೆ ಹೊರಡುತ್ತಾನೆ. ಈ ದೃಶ್ಯ ಮುಗಿದರೆ ಕೆಲಸದ ಮಾತೂ ಮುಗಿಯಿತು...

ಅವನು ತುಂಬಿದ ಸದ್ದನ್ನು ಜೋಡಿಸಿ ನೋಡಿದಳು. ಪರದೆಯ ಮೇಲೆ ಕತ್ತಲು ತುಂಬಿದ ಮನೆ. ಒಳಗೊಬ್ಬ ಹೆಂಗಸು ಉಸಿರು ಬಿಗಿಹಿಡಿದು ಕೂತಿದ್ದಾಳೆ. ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ. ಬಾಗಿಲು ತಟ್ಟಿದ ಸದ್ದು. ಮೌನ. ಮತ್ತೆ ತಟ್ಟಿದ್ದು, ಈ ಸಲ ಮೆಲ್ಲಗೆ. ಆಮೇಲೆ ಹೆಜ್ಜೆಗಳು ಇಳಿಯುತ್ತವೆ, ನಡುವೆ ಒಮ್ಮೆ ನಿಲ್ಲುತ್ತವೆ.

ಅವಳ ಮೈ ಜುಮ್ಮೆಂದಿತು. ಹೆದರಿಕೆಗಲ್ಲ. 'ಇಷ್ಟು ನೋವಿಟ್ಟುಕೊಂಡು ಯಾರು ನಡೀತಾರೆ?'

"ಈ ಮೌನ ಉದ್ದ ಆಯ್ತಲ್ವಾ? ಎಷ್ಟು ಕತ್ತರಿಸಲಿ?"

"ಕತ್ತರಿಸಬೇಡಿ. ಒಳಗಿರೋರು ಎದ್ದು ಬರ್ತಾರೆ ಅನ್ನೋ ಆಸೆ ಸಾಯೋಕೆ ಅಷ್ಟು ಹೊತ್ತು ಬೇಕು."

"ಇಳಿದು ಹೋಗೋನು ನಡುವೆ ಯಾಕೆ ನಿಂತ?"

"ತಿರುಗಿ ನೋಡೋಕೆ. ಬಾಗಿಲ ಕೆಳಗೆ ಬೆಳಕು ಹಾಗೇ ಇತ್ತು. ಒಳಗಿದ್ದೂ ತೆಗೀಲಿಲ್ಲ ಅಂದಮೇಲೆ..."

ಅವಳು ಪರದೆ ನೋಡಿದಳು. ಆ ಮನೆಯಲ್ಲಿ ಎಲ್ಲೂ ದೀಪವೇ ಇರಲಿಲ್ಲ.

"ಯಾವ ಮನೆ ವಿಷಯ ಹೇಳ್ತಿದೀರಾ?"

ಅವನು ತಲೆ ತಗ್ಗಿಸಿ ವೈರು ಸುತ್ತತೊಡಗಿದ.

"ನೀನು ಬಂದಿದ್ಯಾ?" 'ನೀವು' ತಾನಾಗಿಯೇ ಜಾರಿಹೋಗಿತ್ತು.

"ಬಂದಿದ್ದೆ. ಬೇಡ ಅಂತ ಬಾಯಲ್ಲಿ ಹೇಳೋಕಾಗದೆ ಸುಮ್ಮನಿದ್ದೀಯ ಅಂದ್ಕೊಂಡೆ. ಅದಾದಮೇಲೆ ಫೋನ್ ಮಾಡೋಕೂ ಮನಸ್ಸಾಗಲಿಲ್ಲ."

"ಎದೆ ಹೊಡ್ಕೊಳ್ತಿತ್ತು ಕಣೋ. ಕೂತಲ್ಲಿ ಕೂರಲಾಗದೆ, ನೀನು ಬರೋವರೆಗೆ ಅಂತ ಎಡಿಟಿಂಗ್ ಶುರು ಮಾಡಿದೆ... ಕಿವಿಗೆ ಇದನ್ನ ಹಾಕ್ಕೊಂಡು."

ಕೊರಳಲ್ಲಿದ್ದ ಹೆಡ್‌ಫೋನನ್ನು ಎತ್ತಿ ತೋರಿಸಿದಳು. ಅವನು ಅದನ್ನೇ ನೋಡುತ್ತ ನಿಂತ. ದಿನವಿಡೀ ಅದನ್ನು ಹಾಕಿಕೊಂಡೇ ಬದುಕುವವನಿಗೆ ಇದೊಂದು ಹೊಳೆದಿರಲಿಲ್ಲ. ನಗಲು ಹೋದ, ಕಣ್ಣು ತುಂಬಿಬಂತು.

"ಹೊರಗೆ ಹೋಗು," ಎಂದಳು ಅವಳು. "ಹೋಗಿ ಮತ್ತೆ ತಟ್ಟು."

ಅವನು ಹೋದ. ಅವಳು ಹೆಡ್‌ಫೋನ್ ತೆಗೆದು ಮೇಜಿನ ಅಂಚಿಗಿಟ್ಟು ಬಾಗಿಲಿಗೆ ಕಿವಿಗೊಟ್ಟಳು. ಹೆಜ್ಜೆಗಳು ಬಂದವು, ನಿಂತವು. ಅಷ್ಟೇ, ತೆರೆದುಬಿಟ್ಟಳು.

ಎತ್ತಿದ ಕೈ ಎತ್ತಿದಂತೆಯೇ ಅವನು ನಿಂತಿದ್ದ. "ತಟ್ಟೋಕೂ ಬಿಡಲಿಲ್ವಲ್ಲೇ."

"ಕಾದಿದ್ದು ಸಾಕು. ಅದೇನೋ ಕೇಳೋದಿದೆ ಅಂದಿದ್ಯಲ್ಲ, ಕೇಳು."

"ನನ್ನ ಜೊತೆ ಇರ್ತೀಯಾ?"

"ಇರ್ತೀನಿ. ಯಾವ ಊರಾದ್ರೂ ಸರಿ."

ಹಿಂದೆ ಮೇಜಿನ ಅಂಚಿನಿಂದ ಹೆಡ್‌ಫೋನ್ ಜಾರಿ ದಪ್ಪೆಂದು ನೆಲಕ್ಕೆ ಬಿತ್ತು. ಇಬ್ಬರೂ ತಿರುಗಿ ನೋಡಲಿಲ್ಲ.