ಗಡಿಕಲ್ಲಿನಡಿಯ ಇದ್ದಿಲು

"ಅಜ್ಜ, ನನ್ನ ತಮ್ಮ ಗಡಿ ದಾಟೋನೇ ಅಲ್ಲ. ನಾಳೆ ನೇಣಿಗೆ ಹಾಕ್ತಾರಂತೆ, ಉಳಿಸಿಕೊಡಿ!" ಎಂದು ಗುನ್ವರ್ ಆಸ್ಮುಂಡಜ್ಜನ ಬಾಗಿಲಲ್ಲೇ ಕುಸಿದು ಅತ್ತಳು.

ಅವಳ ತಮ್ಮ ಕೆಟಿಲ್ ನಮ್ಮ ಸ್ವೀಡನ್ನಿನಿಂದ ಗಡಿಪಾರಾದವನು. ಗಡಿಕಲ್ಲಿನಾಚೆ, ಡೆನ್ಮಾರ್ಕಿನ ಬೀಚ್ ಮರಗಳ ಕಾಡಿನಂಚಿನಲ್ಲಿ ಹುಲ್ಲು ಕೊಯ್ದು ಬದುಕುತ್ತಿದ್ದ. ಈಚೆಯ ನಮ್ಮ ಪೈನ್ ಕಾಡಿಗೆ ಕಾಲಿಟ್ಟರೆ ಸಾವೇ. ಕಲ್ಲಿನ ಈಚೆಗಿದ್ದ ಎಂದು ಅವನನ್ನು ಕಟ್ಟಿ ತಂದವನು, ಪೈನ್ ಬೊಡ್ಡೆ ಸುಟ್ಟು ಟಾರು ಇಳಿಸುವ ಓರ್ಮ್.

ಆಸ್ಮುಂಡಜ್ಜ ನಮ್ಮ ನ್ಯಾಯಸಭೆಯ ಹಿರಿಯರು. ಕಾಲು ಕುಂಟಾದರೂ ಕಣ್ಣು ಬಲು ಚುರುಕು. ಅವರ ಗುದ್ದಲಿ ಹೊರುವುದು ಕಮ್ಮಾರ ತೂರೆಯಾದ ನನ್ನ ಹಣೆಬರಹ.

ಮರುದಿನ ಎರಡೂ ಕಡೆಯವರು ಕಲ್ಲಿನ ಬಳಿ ಸೇರಿದರು; ಕೆಟಿಲನನ್ನೂ ಹಗ್ಗದಲ್ಲಿ ಕಟ್ಟಿ ತಂದಿದ್ದರು. ಅಜ್ಜ ಕಲ್ಲಿನ ಬುಡ ಕೆದಕಿದರು. "ಮಣ್ಣೊಳಗಿನ ಕಲ್ಲಿಗೂ ಪಾಚಿ ಹಿಡಿದಿದೆಯಲ್ಲೋ ತೂರೆ! ಬೆಳಕು ಕಾಣದೆ ಪಾಚಿ ಬೆಳೆಯುತ್ತಾ? ಕಲ್ಲನ್ನ ಯಾರೋ ಸರಿಸಿದ್ದಾರೆ."

ಓರ್ಮ್ ನಕ್ಕ. "ಅಗೆದೇ ನೋಡಿ! ಅಡೀಲಿ ಇದ್ದಿಲು ಸಿಗದಿದ್ರೆ ನನ್ನ ಮೂಗು ಕೊಯ್ಸಿ."

ಗಡಿಕಲ್ಲು ನೆಡುವಾಗ ಅಡಿಯಲ್ಲಿ ಇದ್ದಿಲು ಹೂಳುವುದು ನಮ್ಮ ಪದ್ಧತಿ. ಕಲ್ಲು ಸರಿದರೂ ಇದ್ದಿಲು ಕೊಳೆಯದೆ ಸಾಕ್ಷಿಯಾಗಿ ಉಳಿಯುತ್ತದೆ. ಬೈದುಕೊಳ್ಳುತ್ತಲೇ ಅಗೆದೆ. ಅಯ್ಯೋ, ಇದ್ದಿಲು ಸಿಕ್ಕೇಬಿಟ್ಟಿತು! ಗುನ್ವರ್ ಮುಖ ಬಿಳಿಚಿಕೊಂಡಿತು.

ಅಜ್ಜ ಒಂದು ತುಂಡನ್ನು ಮೂಸಿ ಪಕ್ಕಕ್ಕಿಟ್ಟರು. ನಮ್ಮ ಕಡೆಗೆ ಸ್ವಲ್ಪ ದೂರ ಕುಂಟಿ, ಹುಲ್ಲು ಬಾಡಿ ನೆಲ ತಗ್ಗಾಗಿದ್ದಲ್ಲಿ ನಿಂತರು. "ಇಲ್ಲಿ ಅಗಿ."

"ನನ್ನ ಸೊಂಟ ಏನಾಗಬೇಕು ಅಜ್ಜ?"

"ಕೆಟಿಲ್ ಕತ್ತು ನೋಡೋ, ಆಮೇಲೆ ಸೊಂಟ."

ಅಗೆದೆ. ಇದ್ದಿಲಿನ ಎರಡು ಗುಪ್ಪೆ, ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಮುತ್ತಜ್ಜನ ಮುತ್ತಜ್ಜಂದಿರು ಒಲೆಯಿಂದ ತಂದದ್ದು, ನಿನ್ನೆ ಆರಿದಂತೆ ಕಪ್ಪಗೆ ಹೊಳೆಯುತ್ತಿತ್ತು! ಮೇಲೆ ಅದೆಷ್ಟು ರಾಜರು ಹೊಡೆದಾಡಿ ಸತ್ತರೋ. ಎರಡೂ ಕಡೆಯವರು ಟೋಪಿ ತೆಗೆದು ನಿಂತರು.

"ಇದು ಪೈನ್, ಇದು ಬೀಚ್," ಎಂದರು ಅಜ್ಜ. "ಹಿಂದಿನವರು ಎರಡೂ ಕಡೆಯ ಒಲೆಯಿಂದ ಇದ್ದಿಲು ತಂದು ಹೂತರು. ಆ ಕಲ್ಲಿನಡಿ ಇರೋದು ಬರೀ ಪೈನ್, ಅದೂ ಹಸಿ ಟಾರಿನ ವಾಸನೆ. ಟಾರು ಇಳಿಸೋನು ಊರಿಗೆ ಒಬ್ಬನೇ. ಓರ್ಮ್, ಗಡಿ ಹಾಕೋಕೆ ಇಬ್ಬರು ಬೇಕು ಕಣೋ. ಕೆಟಿಲನ್ನ ನೀನು ಹಿಡಿದ ಜಾಗ ಡೆನ್ಮಾರ್ಕಿನದೇ."

ಓರ್ಮ್ ತಲೆ ತಗ್ಗಿಸಿದ. "ಅವನೊಬ್ಬ ಹೋದ್ರೆ ಆ ಹುಲ್ಲುಗಾವಲು ನಂದಾಗ್ತಿತ್ತು..." ಸಭೆಯವರು ಅವನ ಕೈ ಕಟ್ಟಿದರು.

ಕೆಟಿಲನ ಹಗ್ಗ ಕತ್ತರಿಸಿ ಆಚೆಗೆ ಬಿಟ್ಟೆವು. ಹಳೆಯ ಇದ್ದಿಲಿನ ಮೇಲೆಯೇ ಕಲ್ಲನ್ನು ಮತ್ತೆ ನೆಟ್ಟೆವು. ಅವನು ಅಕ್ಕನತ್ತ ಓಡಿ ಬಂದವನು ಕಲ್ಲಿನ ಬಳಿ ಗಕ್ಕನೆ ನಿಂತುಬಿಟ್ಟ.

"ನಿನಗಲ್ವೇನೋ ಅಡ್ಡಿ, ನನಗೇನು?" ಎಂದು ಗುನ್ವರ್ ಕಲ್ಲು ದಾಟಿ ಹೋಗಿ ಅವನನ್ನು ತಬ್ಬಿಕೊಂಡಳು.